ಸದ್ದಿಗೆ ಕಿವಿ ಒಗ್ಗುವುದಿಲ್ಲ: ತೋಳಳತೆಯ ಸುಲಭ ಪರೀಕ್ಷೆ

ಕೆಲಸದ ಜಾಗದ ಸದ್ದು ಅಪಾಯದ ಮಟ್ಟ ಮುಟ್ಟಿದೆಯೇ ಎಂದು ತಿಳಿಯಲು, ಒಂದು ತೋಳಳತೆ, ಅಂದರೆ ಸುಮಾರು 3 ಅಡಿ ದೂರದಲ್ಲಿ ನಿಂತ ಸಹೋದ್ಯೋಗಿಯೊಡನೆ ಮಾತನಾಡಿ ನೋಡಿ. ದನಿ ಏರಿಸದೆ ಮಾತು ಕೇಳಿಸದಿದ್ದರೆ ಅಲ್ಲಿನ ಶಬ್ದ 85 ಡೆಸಿಬೆಲ್ (ಸದ್ದಿನ ಮಟ್ಟ ಅಳೆಯುವ ಮಾನ) ದಾಟಿರುವ ಸಂಭವವಿದ್ದು, ಕಿವಿಗೆ ರಕ್ಷಣೆ ಅಗತ್ಯವೆಂದು ಭಾವಿಸಬೇಕು. ಸಾಮಾನ್ಯ ಮಾತಿನ ದನಿ ಸುಮಾರು 60 ಡೆಸಿಬೆಲ್ ಇರುವುದರಿಂದ, ಅಷ್ಟು ಹತ್ತಿರದಲ್ಲೂ ಅದನ್ನು ಮುಳುಗಿಸುವ ಸದ್ದು ಅದಕ್ಕಿಂತ ಬಹಳ ಜೋರಾಗಿಯೇ ಇರುತ್ತದೆ. ‘ಸ್ವಲ್ಪ ದಿನ ಕಳೆದರೆ ಕಿವಿ ಒಗ್ಗುತ್ತದೆ’ ಎಂದು ಹಳಬರು ಹೊಸಬರಿಗೆ ಹೇಳುವ ಸಮಾಧಾನವನ್ನು ದಯವಿಟ್ಟು ನಂಬಬೇಡಿ. ಒಗ್ಗಿದಂತೆ ಅನ್ನಿಸುವುದು ಮನಸ್ಸಿಗೆ ಸದ್ದು ರೂಢಿಯಾಗಿರುವುದರಿಂದ, ಇಲ್ಲವೇ ಸದ್ದನ್ನು ಗ್ರಹಿಸುವ ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಆಗಲೇ ನಾಶವಾಗಿ ಕೇಳುವ ಶಕ್ತಿ ಕುಗ್ಗಿರುವುದರಿಂದ. ಮನುಷ್ಯರಲ್ಲಿ ಈ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕಿವಿಯಲ್ಲಿ ಹತ್ತಿ ತುರುಕಿಕೊಳ್ಳುವುದರಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ, ಕಿವಿಯೊಳಗೆ ಇಡುವ ಇಯರ್‌ಪ್ಲಗ್ ಅಥವಾ ಕಿವಿಯನ್ನು ಹೊರಗಿನಿಂದ ಮುಚ್ಚುವ ಇಯರ್‌ಮಫ್ ಅನ್ನೇ ಬಳಸಬೇಕು. ಫೋಮ್ ಇಯರ್‌ಪ್ಲಗ್ ಆದರೆ ಅದನ್ನು ಬೆರಳುಗಳಲ್ಲಿ ಸಣ್ಣಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಟ್ಟು, ಅದು ಉಬ್ಬುವ ತನಕ ಒತ್ತಿ ಹಿಡಿಯಬೇಕು. ಅರ್ಧ ಹೊರಗೆ ಚಾಚಿಕೊಂಡಿದ್ದರೆ ಹಾಕಿಯೂ ಹಾಕದಂತೆಯೇ. ಈ ತೋಳಳತೆಯ ಪರೀಕ್ಷೆ ಎಲ್ಲ ಕಡೆಯೂ ನಡೆಯುವುದಿಲ್ಲ: ಸುತ್ತಿಗೆಯ ಹೊಡೆತ ಅಥವಾ ಮೊಳೆ ಹೊಡೆಯುವ ಯಂತ್ರದಂತೆ ಬಿಟ್ಟು ಬಿಟ್ಟು ಸಿಡಿಯುವ ಸದ್ದಿನ ನಡುವೆ ಮಾತು ಸಲೀಸಾಗಿ ಕೇಳಿಸಿದರೂ ಹಾನಿ ತಪ್ಪುವುದಿಲ್ಲ, ಇಬ್ಬರಲ್ಲಿ ಒಬ್ಬರಿಗೆ ಈಗಾಗಲೇ ಕಿವಿ ಮಂದವಾಗಿದ್ದರೆ ಫಲಿತಾಂಶವೇ ತಪ್ಪಾಗುತ್ತದೆ. ಅಂಥಲ್ಲಿ ಶಬ್ದಮಾಪಕದಿಂದ ಅಳತೆ ಮಾಡಿಸುವಂತೆ ಸುರಕ್ಷತಾ ಅಧಿಕಾರಿಯನ್ನು ಕೇಳಬೇಕು.