ರೋಲರ್‌ನಲ್ಲೇ ಮುಗಿಸಿದ ಮಿಲಿಟರಿ ಟ್ರಕ್

"ಗೋಡೆಗೆ ಬಳಿಯೋ ರೋಲರ್‌ನಲ್ಲಿ ಟ್ರಕ್‌ಗೆ ಬಣ್ಣನಾ?" ಅಂತ ನಕ್ಕವರೇ ಈಗ ಬಾಗಿಲ ಮೇಲೆ ಕೈಯಾಡಿಸಿ, "ಇದು ಸ್ಪ್ರೇ ಅಲ್ವಾ?" ಅಂತ ಕೇಳುತ್ತಾರೆ. ಅಲ್ಲ. ನಾಲ್ಕಿಂಚಿನ ಫೋಮ್ ರೋಲರ್, ಒಂದು ಮೆತ್ತನೆ ಬ್ರಷ್, ಅಷ್ಟೇ. ಎರಡೂವರೆ ಟನ್ನಿನ ಗಾಡಿ, ಬಂಪರ್‌ನಿಂದ ಹಿಂದಿನ ಹಲಗೆವರೆಗೂ ಅದರಲ್ಲೇ ಮುಗಿಯಿತು.

ಸ್ಪ್ರೇ ಬೂತ್‌ನವರು ಹೇಳಿದ ರೇಟಿಗೆ ಎಂಜಿನ್ನನ್ನೇ ಬಿಚ್ಚಿ ಕಟ್ಟಿಸಬಹುದಿತ್ತು. ನನಗೆ ಅದರ ಐದನೇ ಒಂದು ಭಾಗ ಆಗಿರಬಹುದು. ಅದರಲ್ಲೂ ಬಣ್ಣಕ್ಕಿಂತ ಎಮರಿ ಪೇಪರ್, ವೈರ್ ಕಪ್‌ಗೇ (ಗ್ರೈಂಡರ್‌ಗೆ ಹಾಕೋ ತಂತಿ ಬ್ರಷ್) ಜಾಸ್ತಿ ಹೋಯಿತು. ಅಗ್ಗದ ವೈರ್ ಕಪ್ ಮಾತ್ರ ತರಬೇಡಿ. ತಂತಿ ಕಿತ್ತು ಬಂದು ಬಟ್ಟೆ ದಾಟಿ ಚುಚ್ಚುತ್ತೆ.

ಮಡ್‌ಗಾರ್ಡ್ ಅಂಚನ್ನು ಉಜ್ಜಿದರೆ ಹಸಿರು, ಅದರಡಿ ಮರಳು ಬಣ್ಣ, ಮತ್ತೆ ಹಸಿರು, ಕೊನೆಗೆ ಕೆಂಪು ಪ್ರೈಮರ್. ಹಳೆ ಬಣ್ಣದಲ್ಲಿ ಸೀಸ ಇರೋ ಸಾಧ್ಯತೆ ಇದ್ದೇ ಇರುತ್ತೆ. ಹಾಗಾಗಿ ಬಣ್ಣ ಕೂತ ಜಾಗವನ್ನೆಲ್ಲ ನೀರು ಹಾಕಿಯೇ ಉಜ್ಜಿದೆ. ಬರೀ ತುಕ್ಕು ಉಳಿದ ಕಡೆಗಷ್ಟೇ ಗ್ರೈಂಡರ್, ಅದೂ ಮಾಸ್ಕ್ ಹಾಕಿಕೊಂಡು. ಬೇಗ ಗಟ್ಟಿಯಾಗಲಿ ಅಂತ ಹಾರ್ಡ್‌ನರ್ ಬೆರೆಸಲು ಸುಮಾರು ಜನ ಹೇಳಿದರು. ಅದರಲ್ಲಿರೋ ಐಸೊಸಯನೇಟ್ ಉಸಿರಿಗೆ ಕೆಟ್ಟದ್ದು, ಅದರ ಸಹವಾಸ ಮನೆ ಶೆಡ್ಡಿನಲ್ಲಿ ಬೇಡ ಅಂತ ಬಿಟ್ಟೆ.

ಬಣ್ಣ ತರುವಾಗ ಇನ್ನೊಂದು ರಗಳೆ. ಅಮೆರಿಕದ ಫೆಡರಲ್ ಸ್ಟ್ಯಾಂಡರ್ಡ್ ಬಣ್ಣದ ಪಟ್ಟಿಯ ನಂಬರ್ 34087 ಕೇಳಿದರೆ ಅಂಗಡಿಯವರು 24087 ಕೊಟ್ಟು ಕಳಿಸಿದರು. ಬಣ್ಣ ಅದೇ ಆಲಿವ್ ಡ್ರ್ಯಾಬ್, ಅಂದರೆ ಸೈನ್ಯದ ಮಾಸಲು ಹಸಿರು. ಆದರೆ ಮೊದಲ ಅಂಕಿ 3 ಇದ್ದರೆ ಮ್ಯಾಟ್, 2 ಇದ್ದರೆ ಅರೆ ಹೊಳಪು. ವಾಪಸ್ ತಗೊಳ್ಳಲಿಲ್ಲ. ಸುಮ್ನೆ ಯಾಕೆ ದಂಡ ಅಂತ ಅದಕ್ಕೆ ಟಾಲ್ಕ್ ಪುಡಿ ಕಲಸಿ ಒಂದು ತಗಡಿಗೆ ಹೊಡೆದು ನೋಡಿದೆ. ಒಣಗಿದಾಗ ಒಳ್ಳೇ ಮ್ಯಾಟ್. ಒಂದು ಮಳೆ ಬಿದ್ದ ಮೇಲೆ ಮುಟ್ಟಿದರೆ ಕೈಗೆಲ್ಲ ಬಿಳಿ ಪುಡಿ. ಉಳಿದಿದ್ದನ್ನು ಹಾಗೇ ಚಾಸಿಗೆ ಬಳಿದೆ. ಅಲ್ಲಿ ಅರೆ ಹೊಳಪೇ ವಾಸಿ, ಕೆಸರು ಬೇಗ ತೊಳೆದು ಹೋಗುತ್ತೆ.

ಮೈಗೆ ಬಳಿಯಲು ಕೊನೆಗೆ 34087 ಬೇರೆ ತಂದೆ. ಮ್ಯಾಟ್ ಬಣ್ಣ ಕೈಕೊಡೋದು ಡಬ್ಬದ ತಳದಲ್ಲಿ. ಹೊಳಪು ಕೊಲ್ಲುವ ಪುಡಿಯೆಲ್ಲ ಕೆಳಗೆ ಕೂತಿರುತ್ತೆ. ಮೊದಲ ಸುತ್ತಿನಲ್ಲಿ ಎಡ ಬಾಗಿಲು ಮಿರಮಿರ ಮಿಂಚಿತು, ಬಲ ಬಾಗಿಲು ಸೀಮೆಸುಣ್ಣದ ಹಾಗೆ ಬಿಳಚಿಕೊಂಡಿತು. ಎರಡನ್ನೂ ಉಜ್ಜಿ ಹಾಕಿದೆ. ಆಮೇಲೆ ಎಲ್ಲ ಡಬ್ಬಗಳನ್ನೂ ಒಂದೇ ಡ್ರಮ್ಮಿಗೆ ಸುರಿದು, ತಳ ಕೆರೆದು ಕಲಕಿದೆ. ಹತ್ತು ಹನ್ನೆರಡು ಲೀಟರ್ ಇದ್ದಿರಬೇಕು. ಪ್ರತಿ ಸಲ ಟ್ರೇಗೆ ಸುರಿಯುವ ಮುಂಚೆ ಮತ್ತೆ ಕಲಕು.

ಬಣ್ಣ ಹಾಲಿಗಿಂತ ತುಸು ದಪ್ಪ ಇರಲಿ. ಒಂದು ಸಲಕ್ಕೆ ಒಂದೇ ಪ್ಯಾನೆಲ್. ರೋಲರ್ ಎಳೆದ ಕೂಡಲೇ ಒಣ ಬ್ರಷ್ಷಿನ ತುದಿ ತಾಗಿಸಿಯೂ ತಾಗಿಸದ ಹಾಗೆ ಮೇಲಿಂದ ಕೆಳಗೆ ಒಮ್ಮೆ ಎಳೆದು ಬಿಟ್ಟುಬಿಡಿ. ಬಣ್ಣ ಅಂಟು ಹಿಡಿದ ಮೇಲೆ ವಾಪಸ್ ಹೋದರೆ ಗೆರೆ ಗ್ಯಾರಂಟಿ. ಮೂರು ತೆಳು ಕೋಟ್, ನಡುವೆ 400 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಎಮರಿ). ಕೊನೇ ಕೋಟನ್ನು ಮಾತ್ರ ಮುಟ್ಟಬೇಡಿ, ಮ್ಯಾಟ್ ಉಜ್ಜಿದ ಕಡೆ ಹೊಳೆಯುತ್ತೆ. ಥಿನ್ನರ್ ಜೊತೆ ನಾನು ಇನ್ನೂ ಒಂದನ್ನು ಚೂರು ಸೇರಿಸುತ್ತೇನೆ, ಗುಳ್ಳೆ ಏಳದಿರಲಿ ಅಂತ. ಅದೇನು ಅಂತ ಕೇಳಬೇಡಿ.

ಬಿಸಿಲಲ್ಲೂ ಬೇಡ, ಇಳಿಹೊತ್ತಲ್ಲೂ ಬೇಡ. ಇಬ್ಬನಿ ಬಿದ್ದು ಬಾನೆಟ್ ಮೇಲೆ ಕಲೆ ಎದ್ದಿತ್ತು, ಅದನ್ನು ಪೂರ್ತಿ ಮತ್ತೆ ಹೊಡೆದೆ. ಮ್ಯಾಟ್‌ನಲ್ಲಿ ತೇಪೆ ಹಚ್ಚೋ ಮಾತೇ ಇಲ್ಲ, ಅಂಚಿನಿಂದ ಅಂಚಿಗೆ ಇಡೀ ಪ್ಯಾನೆಲ್ ಹೊಡೆಯಬೇಕು. ಮೊನ್ನೆ ಹಿಂದಿನ ಹಲಗೆಗೆ ಗೀರು ಬಿತ್ತು. ಚಹಾ ಕಾಯೋಷ್ಟರಲ್ಲಿ ಒಂದು ಕೋಟ್ ಎಳೆದು ಬಂದೆ. ಸ್ಪ್ರೇ ಮಾಡಿಸಿದವರು ಅದಕ್ಕೂ ಬೂತ್‌ಗೇ ಹೋಗಬೇಕು.