ಕುದಿಸಿದರೆ ಸಾಲದು: ಹಲ್ಲಿನ ಉಪಕರಣ ಕ್ರಿಮಿಮುಕ್ತವಾಗುವುದು ಹೇಗೆ?

“ಕುದಿಯುವ ನೀರಿಗೆ ಹಾಕಿದರೆ ಸಾಲದೇ ಮೇಡಂ?” ದಂತ ಚಿಕಿತ್ಸಾಲಯದಲ್ಲಿ ಸಹಾಯಕಿಯರಾಗಿ ಕೆಲಸ ಕಲಿಯಲು ಬರುವ ಹುಡುಗಿಯರು ಮೊದಲ ವಾರದಲ್ಲೇ ನನ್ನನ್ನು ಕೇಳುವ ಪ್ರಶ್ನೆ ಇದು. ಮನೆಯಲ್ಲಿ ಮಗುವಿನ ಹಾಲಿನ ಬಾಟಲಿ ಕುದಿಸಿ ರೂಢಿಯಿರುವವರಿಗೆ ಹಾಗೆನಿಸುವುದು ಸಹಜ. ಆದರೆ ಸಾಲದು. ನಮ್ಮ ಚಿಕ್ಕಮಗಳೂರಿನಲ್ಲಂತೂ ಇನ್ನೂ ಸಾಲದು.

ಊರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಮೇಲೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆ. ಒತ್ತಡ ಕಡಿಮೆಯಾದಷ್ಟೂ ನೀರು ಬೇಗ ಕುದಿಯುತ್ತದೆ. ಮಂಗಳೂರಿನಲ್ಲಿ 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುವ ನೀರು ಇಲ್ಲಿ 96ರ ಆಸುಪಾಸಿನಲ್ಲೇ ಕುದಿಯುತ್ತದೆ. ಆಮೇಲೆ ಉರಿ ಎಷ್ಟು ಜೋರು ಮಾಡಿದರೂ ಬಿಸಿ ಏರುವುದಿಲ್ಲ, ನೀರು ಆವಿಯಾಗುತ್ತದೆ ಅಷ್ಟೆ. ಆ ಬಿಸಿಗೆ ಸಾಮಾನ್ಯ ಬ್ಯಾಕ್ಟೀರಿಯಾ ಸಾಯುತ್ತವೆ. ಆದರೆ ಧನುರ್ವಾಯು ತರುವಂಥ ಕೆಲವು ಬ್ಯಾಕ್ಟೀರಿಯಾಗಳು ಕಷ್ಟಕಾಲಕ್ಕೆಂದು ಗಟ್ಟಿ ಕವಚ ತೊಟ್ಟು ಸ್ಪೋರ್ ಎಂಬ ರೂಪಕ್ಕೆ ಹೋಗುತ್ತವೆ. ಅವುಗಳನ್ನು ಮುಗಿಸಲು ಒತ್ತಡದಲ್ಲಿರುವ ಆವಿಯೇ ಬೇಕು. ಆ ಕೆಲಸ ಮಾಡುವ ಯಂತ್ರ ಆಟೋಕ್ಲೇವ್.

ಮೊದಲು ತೊಳೆಯುವುದು

ಕಲಿಯುವವರೆಲ್ಲ ಯಂತ್ರದ ಬಗ್ಗೆ ಕೇಳುತ್ತಾರೆ, ತೊಳೆಯುವುದರ ಬಗ್ಗೆ ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಅರ್ಧಕ್ಕಿಂತ ಹೆಚ್ಚು ಕೆಲಸ ನಡೆಯುವುದು ಸಿಂಕ್‌ನಲ್ಲೇ. ಒಣಗಿದ ರಕ್ತ ಮತ್ತು ಎಂಜಲು ಕ್ರಿಮಿಗೆ ಕಂಬಳಿ ಹೊದಿಸಿದಂತೆ. ಆವಿ ಅದನ್ನು ದಾಟಿ ಒಳಹೋಗುವುದು ಕಷ್ಟ.

ಚಿಕಿತ್ಸೆ ಮುಗಿದೊಡನೆ ಬಳಸಿದ ಸೂಜಿ ಮತ್ತು ಬ್ಲೇಡನ್ನು ತೂತು ಬೀಳದ ಬಿಳಿ ಡಬ್ಬಿಗೆ ಹಾಕಿ. ತೆಳು ಗ್ಲೌಸ್ ತೆಗೆದು, ಪಾತ್ರೆ ತೊಳೆಯುವಾಗ ಹಾಕುವಂಥ ದಪ್ಪ ರಬ್ಬರ್ ಗ್ಲೌಸ್ ತೊಡಿ. ಕಣ್ಣಿಗೆ ಕನ್ನಡಕ, ಮುಖಕ್ಕೆ ಮಾಸ್ಕ್ ಇರಲಿ. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲಿ ಕನಿಷ್ಠ 7 ದಿನ ಜೀವಂತವಾಗಿರಬಲ್ಲದು. ಕೆಲಸಕ್ಕೆ ಸೇರುವಾಗಲೇ ಅದರ ಲಸಿಕೆ ಆರಂಭಿಸಿ: ಮೊದಲ ಡೋಸ್, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಇದನ್ನು ಮುಂದೂಡಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಬಿಸಿನೀರಿನಿಂದ ಶುರು ಮಾಡಬೇಡಿ. ಮೊಟ್ಟೆ ಒಡೆದ ಬಟ್ಟಲಿಗೆ ಬಿಸಿನೀರು ಸುರಿದರೆ ಬಿಳಿಭಾಗ ಹೆಪ್ಪುಗಟ್ಟಿ ಅಂಟಿಕೊಳ್ಳುತ್ತದಲ್ಲ, ರಕ್ತದಲ್ಲಿರುವ ಪ್ರೋಟೀನ್ ಕೂಡ ಹಾಗೆಯೇ. ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರಿನಲ್ಲಿ ಡಿಟರ್ಜೆಂಟ್ ಬೆರೆಸಿ ನೆನೆಸಿ, ನೀರಿನ ಮಟ್ಟದ ಕೆಳಗೇ ಬ್ರಶ್‌ನಿಂದ ಉಜ್ಜಿ. ಮೇಲೆತ್ತಿ ಉಜ್ಜಿದರೆ ಹನಿ ಮುಖಕ್ಕೆ ಸಿಡಿಯುತ್ತದೆ.

ಹಲ್ಲು ಕೀಳುವ ಫೋರ್ಸೆಪ್ಸ್ ಒಂದನ್ನು ಕೈಗೆತ್ತಿಕೊಳ್ಳಿ. ಹೊರಗೆ ಕನ್ನಡಿಯಂತೆ ಹೊಳೆಯುತ್ತಿರುತ್ತದೆ. ಅದರ ಹಿಡಿಗಳನ್ನು ಪೂರ್ತಿ ಅಗಲಿಸಿ, ಎರಡು ತೋಳುಗಳು ಸೇರುವ ಕೀಲಿಗೆ ಬೆಳಕು ಬಿಟ್ಟು ನೋಡಿ. ಕೂದಲೆಳೆಯಷ್ಟು ತೆಳ್ಳಗೆ, ಕಾಫಿ ಬಣ್ಣದ ಗೆರೆಯೊಂದು ಕಾಣಬಹುದು. ಅದು ತುಕ್ಕಲ್ಲದೆ ಹಳೆಯ ರೋಗಿಯ ರಕ್ತವೂ ಆಗಿರಬಹುದು. ಕೀಲಿರುವ ಉಪಕರಣವನ್ನು ತೆರೆದೇ ಉಜ್ಜಿ, ತೆರೆದೇ ಯಂತ್ರಕ್ಕೆ ಇಡಿ.

ಪೌಚ್ ಮತ್ತು ಜೋಡಣೆ

ತೊಳೆದದ್ದನ್ನು ಚೆನ್ನಾಗಿ ಒಣಗಿಸಿ ಪೌಚ್‌ಗೆ ಹಾಕಿ. ಪೌಚ್‌ನ ಒಂದು ಬದಿ ಕಾಗದ, ಇನ್ನೊಂದು ಬದಿ ಪ್ಲಾಸ್ಟಿಕ್. ಆವಿ ನುಗ್ಗುವುದು ಕಾಗದದ ಬದಿಯಿಂದ ಮಾತ್ರ. ಆದ್ದರಿಂದ ಒಂದರ ಮೇಲೊಂದು ಪೇರಿಸದೆ, ತಟ್ಟೆಸ್ಟ್ಯಾಂಡಿನಲ್ಲಿ ತಟ್ಟೆ ನಿಲ್ಲಿಸುವಂತೆ ಅಂತರ ಬಿಟ್ಟು ನಿಲ್ಲಿಸಿ. ದಿನಾಂಕವನ್ನು ಪ್ಲಾಸ್ಟಿಕ್ ಬದಿಯಲ್ಲೇ ಬರೆಯಿರಿ.

ಆವಿ ಕೊಲ್ಲುವ ಬಗೆ

ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಆವಿ ತಾಗಿದರೆ ಕೈ ಸುಡುತ್ತದೆ. ಅಷ್ಟೇ ಬಿಸಿಯ ಒಣಗಾಳಿ ಕ್ಷಣಕಾಲ ತಾಗಿದರೆ ಹಾಗಾಗುವುದಿಲ್ಲ. ಆವಿ ತಣ್ಣನೆಯ ಮೇಲ್ಮೈ ಮುಟ್ಟಿ ನೀರಾಗುವಾಗ ಪ್ರತಿ ಗ್ರಾಂಗೆ ಸುಮಾರು 540 ಕ್ಯಾಲೊರಿ ಶಾಖ ಬಿಟ್ಟುಕೊಡುತ್ತದೆ. ಆ ಶಾಖ ಮತ್ತು ತೇವ ಸೇರಿ ಕ್ರಿಮಿಯ ಪ್ರೋಟೀನ್‌ಗಳನ್ನು ಹೆಪ್ಪುಗಟ್ಟಿಸುತ್ತವೆ. ಒಣಶಾಖದ ಓವನ್‌ನಲ್ಲಿ 160 ಡಿಗ್ರಿಯಲ್ಲಿ ಎರಡು ಗಂಟೆ ಹಿಡಿಯುವ ಕೆಲಸ ಆವಿಗೆ 121 ಡಿಗ್ರಿಯಲ್ಲೇ, ಅದಕ್ಕಿಂತ ಎಷ್ಟೋ ಬೇಗ ಮುಗಿಯುವುದು ಇದರಿಂದಲೇ.

ಆದರೆ ಒಳಗಿನ ಗಾಳಿ ಹೊರಹೋಗಬೇಕು. ಕುಕ್ಕರಿನಲ್ಲಿ ಆವಿ ಬುಸುಗುಟ್ಟಿ ಬಂದ ಮೇಲೆ ವೇಟ್ ಹಾಕಬೇಕೆಂದು ಅಮ್ಮಂದಿರು ಹೇಳುವುದಕ್ಕೂ ಇದೇ ಕಾರಣ. ಗಾಳಿ ಉಳಿದ ಜಾಗಕ್ಕೆ ಆವಿ ತಲುಪುವುದಿಲ್ಲ. ಹಲ್ಲು ಕೊರೆಯುವ, ಒಳಗೆ ಟೊಳ್ಳಾದ ಹ್ಯಾಂಡ್‌ಪೀಸ್‌ಗಳಿಗೆ ಪಂಪ್‌ನಿಂದ ಗಾಳಿ ಎಳೆದುಹಾಕುವ ಕ್ಲಾಸ್ ಬಿ ಯಂತ್ರ ಬೇಕಾಗುವುದೂ ಅದಕ್ಕೇ.

ಆವಿ ಮುಟ್ಟಿದ ಮೇಲ್ಮೈ 121 ಡಿಗ್ರಿಯಲ್ಲಿ ಕನಿಷ್ಠ 15 ನಿಮಿಷ, 134ರಲ್ಲಿ ಕನಿಷ್ಠ 3 ನಿಮಿಷ ಇರಬೇಕು. ಸಾದಾ ಆಟೋಕ್ಲೇವ್‌ನಲ್ಲಿ ಪೌಚ್ ಒಳಗಿನ ಉಪಕರಣಕ್ಕೆ 121ರಲ್ಲಿ 30 ನಿಮಿಷ ಕೊಡುವುದು ರೂಢಿ. ನಿಮ್ಮ ಯಂತ್ರದ ಕೈಪಿಡಿ ಹೇಳಿದ್ದೇ ಅಂತಿಮ. ಎಣಿಕೆ ಶುರುವಾಗುವುದು ಆ ಬಿಸಿ ಮುಟ್ಟಿದ ಮೇಲೆ, ಸ್ವಿಚ್ ಹಾಕಿದಾಗ ಅಲ್ಲ.

ಕುಕ್ಕರಿನಂಥ ಹಳೆಯ ಆಟೋಕ್ಲೇವ್ ಬಳಸುವವರು ಇದನ್ನು ಗಮನವಿಟ್ಟು ಓದಿ. ಒತ್ತಡದ ಮುಳ್ಳು 15 ಪೌಂಡ್ ತೋರಿಸಿದರೆ 121 ಡಿಗ್ರಿ ಎಂಬುದು ಸಮುದ್ರಮಟ್ಟದ ಲೆಕ್ಕ. ಚಿಕ್ಕಮಗಳೂರಿನಲ್ಲಿ ಅದೇ 15 ಪೌಂಡ್‌ಗೆ ಸಿಗುವುದು ಸುಮಾರು 119 ಡಿಗ್ರಿ. 121 ಮುಟ್ಟಲು 17ರ ಹತ್ತಿರ ಬೇಕು. ಎರಡು ಡಿಗ್ರಿ ತಾನೇ ಎನ್ನಬೇಡಿ, ಅಷ್ಟು ಇಳಿದರೆ ಸ್ಪೋರ್ ಸಾಯಲು ಸುಮಾರು ಒಂದೂವರೆ ಪಟ್ಟು ಸಮಯ ಬೇಕಾಗುತ್ತದೆ. ಯಂತ್ರದ ಮಿತಿ ಮೀರಿ ಒತ್ತಡ ಏರಿಸುವಂತಿಲ್ಲ. ಥರ್ಮಾಮೀಟರ್ ನೋಡಿ ಸಮಯ ಹೆಚ್ಚಿಸಿ. ಹಾಸನವೂ ಎತ್ತರದ ಊರೇ, ಅಲ್ಲಿಯವರಿಗೂ ಈ ಮಾತು ಅನ್ವಯಿಸುತ್ತದೆ.

ನೀರು ಡಿಸ್ಟಿಲ್ಡ್ ಇರಲಿ. ಕಡೂರು, ಅರಸೀಕೆರೆ ಕಡೆಯ ಕೊಳವೆಬಾವಿ ನೀರು ಕಾಯಿಸಿದ ಪಾತ್ರೆಯ ಬಿಳಿ ಪೊರೆ ನೋಡಿದವರಿಗೆ ಕಾರಣ ವಿವರಿಸಬೇಕಿಲ್ಲ. ನಡುವೆ ಕರೆಂಟ್ ಹೋದರೆ ಉಳಿದ ನಿಮಿಷ ಮಾತ್ರ ಓಡಿಸುವಂತಿಲ್ಲ, ಮೊದಲಿನಿಂದ ಶುರು ಮಾಡಿ.

ಆಯಿತೆಂದು ಗೊತ್ತಾಗುವುದು ಹೇಗೆ?

ಪೌಚ್ ಮೇಲಿನ ಗುರುತು ಬಣ್ಣ ಬದಲಿಸಿದರೆ ಅದು ಬಿಸಿ ಕಂಡಿದೆ ಎಂದಷ್ಟೇ ಅರ್ಥ. ಕ್ರಿಮಿ ಸತ್ತಿದೆಯೇ ಎಂದು ಹೇಳುವುದು ಸ್ಪೋರ್ ಪರೀಕ್ಷೆ. ಜಿಯೋಬ್ಯಾಸಿಲಸ್ ಸ್ಟೀರೋಥರ್ಮೋಫಿಲಸ್ ಎಂಬ, ಬಿಸಿಗೆ ಜಗ್ಗದ ಬ್ಯಾಕ್ಟೀರಿಯಾದ ಸ್ಪೋರ್‌ಗಳಿರುವ ಪಟ್ಟಿಯನ್ನು ವಾರಕ್ಕೊಮ್ಮೆ ಉಪಕರಣಗಳ ಜೊತೆ ಇಟ್ಟು, ಬಳಿಕ ಬೆಚ್ಚಗಿನ ಇನ್‌ಕ್ಯುಬೇಟರ್‌ನಲ್ಲಿಡುತ್ತಾರೆ. ಅದರಲ್ಲಿ ಏನೂ ಬೆಳೆಯದಿದ್ದರೆ ಯಂತ್ರ ಸರಿಯಿದೆ.

ಕೊನೆಯದು ಒಣಗಿಸುವುದು. ಮಲೆನಾಡಿನ ಆಷಾಢದಲ್ಲಿ ಇದೇ ದೊಡ್ಡ ತಲೆನೋವು. ಒದ್ದೆ ಕಾಗದ ಹೊರಗಿನ ಕ್ರಿಮಿಯನ್ನು ಒಳಗೆ ಹೀರಿಕೊಳ್ಳುತ್ತದೆ. ಆದ್ದರಿಂದ ಒಣಗಿಸುವ ಹಂತ ಪೂರ್ತಿ ಮುಗಿಯುವ ತನಕ ಬಾಗಿಲು ತೆರೆಯಬೇಡಿ. ಒದ್ದೆಯಾಗಿ ಹೊರಬಂದ ಅಥವಾ ಹರಿದ ಪೌಚ್ ಮತ್ತೆ ಮೊದಲ ಹಂತಕ್ಕೆ ಹೋಗಬೇಕು. ಒಣಗಿದ್ದನ್ನು ಮುಚ್ಚಿದ ಕಪಾಟಿನಲ್ಲಿಡಿ. ರೋಗಿ ಕುರ್ಚಿಯಲ್ಲಿ ಕುಳಿತ ಮೇಲೆ, ಅವರ ಕಣ್ಣೆದುರೇ ಬಿಡಿಸಿ.