ರೀಲೋಡ್ ಮಾಡಿದ ಕೇಸ್‌ಗೆ ಬೋಲ್ಟ್ ಬಿಗಿಯಾಗುತ್ತಿದ್ದರೆ: ನನ್ನ ಅನುಭವ

ನನ್ನದು ಬೋಲ್ಟ್ ಆಕ್ಷನ್ ರೈಫಲ್, ಅಂದರೆ ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಿಂದ ತೆರೆದು ಮುಚ್ಚುವಂಥದ್ದು. ಹೊಡೆದ ಗುಂಡಿನ ಕೇಸನ್ನು (ಲೋಹದ ಕೋಶ) ಮತ್ತೆ ತುಂಬಿ ಬಳಸುತ್ತೇನೆ. ಕತ್ತು ಮಾತ್ರ ಸೈಜ್ ಮಾಡಿದ (ಅದುಮಿ ಅಳತೆಗೆ ತಂದ) ಕೇಸ್‌ಗಳು ಬೆಂಚ್ ಮೇಲೆ ಚೆನ್ನಾಗಿಯೇ ಗುಂಪು ಕೊಡುತ್ತಿದ್ದವು, ಅಂದರೆ ಗುಂಡುಗಳು ಹತ್ತಿರ ಹತ್ತಿರ ಬೀಳುತ್ತಿದ್ದವು. ಕೆಲವು ಬಾರಿ ತುಂಬಿದ ಮೇಲೆ ಬೋಲ್ಟ್ ಹಿಡಿ ಕೊನೆಯಲ್ಲಿ ಬಿಗಿಯಾಗತೊಡಗಿತು. ನಿಧಾನದ ಗುರಿಗೆ ಹೇಗೋ ನಡೆಯುತ್ತದೆ. ವೇಗವಾಗಿ ಹೊಡೆಯುವ ಪಂದ್ಯಕ್ಕೆ, ಬೇಟೆಗೆ ಇದು ಆಗುವುದಿಲ್ಲ.

ಚೇಂಬರ್ (ಗುಂಡು ಕೂರುವ ಜಾಗ) ಒರೆಸಿದೆ, ಕೇಸ್ ಉದ್ದ ಟ್ರಿಮ್ ಮಾಡಿದೆ, ಬುಲೆಟ್ ಇನ್ನಷ್ಟು ಒಳಗೆ ಕೂರಿಸಿದೆ. ಯಾವುದೂ ಕೆಲಸಕ್ಕೆ ಬರಲಿಲ್ಲ. ಕೇಸಿನ ಭುಜವೇ, ಅಂದರೆ ಕತ್ತಿನ ಕೆಳಗಿನ ಇಳಿಜಾರೇ, ಮುಂದಕ್ಕೆ ಬೆಳೆದಿತ್ತು.

ಸರಿಹೋಗಿದ್ದು ಫುಲ್ ಲೆಂತ್ ಡೈನಿಂದ, ಅಂದರೆ ಕತ್ತನ್ನಷ್ಟೇ ಅಲ್ಲ, ಇಡೀ ಕೇಸನ್ನು ಅದುಮುವ ಅಚ್ಚಿನಿಂದ. ಮೊದಲು, ಹೊಡೆದ ಕೇಸಿನ ಪ್ರೈಮರ್ (ಬುಡದಲ್ಲಿನ ಕಿಡಿ ಹಚ್ಚುವ ಗುಂಡಿ) ತೆಗೆಯಿರಿ. ಅದು ಉಬ್ಬಿದ್ದರೆ ಅಳತೆ ಸುಳ್ಳಾಗುತ್ತದೆ. ಕ್ಯಾಲಿಪರ್‌ಗೆ ಕಂಪಾರೇಟರ್ (ಭುಜದ ಮೇಲೆ ಕೂರುವ ಅಳತೆಯ ತುಂಡು) ಹಾಕಿ ಬುಡದಿಂದ ಭುಜದವರೆಗೆ ಅಳೆಯಿರಿ. ಬೋಲ್ಟ್‌ನಿಂದ ಫೈರಿಂಗ್ ಪಿನ್, ಎಜೆಕ್ಟರ್ (ಖಾಲಿ ಕೇಸನ್ನು ಹೊರಗೆ ಎಸೆಯುವ ಭಾಗ) ಬಿಚ್ಚಿಡಿ. ಇಲ್ಲದಿದ್ದರೆ ಸ್ಪ್ರಿಂಗ್‌ನ ಒತ್ತಡ ಯಾವುದು, ಕೇಸಿನದು ಯಾವುದು ಗೊತ್ತಾಗುವುದಿಲ್ಲ.

ಪ್ರೆಸ್‌ನಲ್ಲಿ ಡೈಯನ್ನು ಶೆಲ್ ಹೋಲ್ಡರ್‌ಗಿಂತ (ಕೇಸಿನ ಬುಡ ಹಿಡಿಯುವ ತುಂಡು) ಮೇಲೆ ನಿಲ್ಲಿಸಿ. ಕೇಸಿಗೆ ಲ್ಯೂಬ್ ಹಚ್ಚಿ ಸೈಜ್ ಮಾಡಿ, ಬೋಲ್ಟ್ ಮುಚ್ಚಿ ನೋಡಿ. ಶುರುವಿನಲ್ಲಿ ಇನ್ನೂ ಬಿಗಿಯಾಗುತ್ತದೆ, ಏಕೆಂದರೆ ಬದಿ ಅದುಮಿದಾಗ ಭುಜ ಮುಂದೆ ಹೋಗುತ್ತದೆ. ಗಾಬರಿ ಬೇಡ, ಡೈ ಇಳಿಸುತ್ತಾ ಹೋಗಿ. 7/8-14 ಥ್ರೆಡ್‌ನ (7/8 ಇಂಚು ವ್ಯಾಸ, ಇಂಚಿಗೆ 14 ಸುತ್ತು) ಡೈ 10 ಡಿಗ್ರಿ ತಿರುಗಿದರೆ ಸುಮಾರು 0.05 ಮಿ.ಮೀ. ಇಳಿಯುತ್ತದೆ. ಬೋಲ್ಟ್ ಹಿಡಿ ತನ್ನ ಭಾರಕ್ಕೇ ಬಿದ್ದಾಗ ನಿಲ್ಲಿಸಿ. ಕೇಸ್ ಡೈಯೊಳಗೆ ಇರುವಾಗಲೇ ಡೈಯ ಲಾಕ್ ರಿಂಗ್ ಬಿಗಿ ಮಾಡಿ.

ಮೊದಲು ಅಳೆದದ್ದಕ್ಕಿಂತ ಭುಜ 0.05 ಮಿ.ಮೀ. ಹಿಂದೆ ಸರಿದರೆ ಬೋಲ್ಟ್ ರೈಫಲ್‌ಗೆ ಸಾಕು. ಸೆಮಿ ಆಟೊಗೆ (ಮುಂದಿನ ಗುಂಡು ತಾನಾಗಿಯೇ ಏರುವ ರೈಫಲ್) 0.08ರಿಂದ 0.1. ಸುಮ್ನೆ ಜಾಸ್ತಿ ತಳ್ಳಬೇಡಿ, ಕೇಸ್ ಬುಡದ ಹತ್ತಿರ ಹರಿದುಹೋಗುತ್ತದೆ.